ಭಾನುವಾರ ಕೇಳಿದ "ಎಚ್ಚರವಾಗಿರಿ" ಸೋಮವಾರಕ್ಕೆ ಉಳಿಯುವುದಿಲ್ಲ. ದಿನನಿತ್ಯದ ಬದುಕಿನಲ್ಲಿ ಆತ್ಮಿಕವಾಗಿ ಎಚ್ಚರವಾಗಿರುವುದು ಹೇಗೆ?

ವಂದನೆಗಳು. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದು ಒಂದೂವರೆ ವರ್ಷ ಆಗಿದೆ, ಪಿಜಿಯಲ್ಲಿ ಇದ್ದೀರಿ, ಭಾನುವಾರ ತಪ್ಪದೆ ಸಭೆಗೆ ಹೋಗುತ್ತೀರಿ. ಎಚ್ಚರವಾಗಿರಿ ಅನ್ನುವ ಪ್ರಸಂಗ ಕೇಳಿದಾಗ ಮನಸ್ಸಿಗೆ ನಾಟುತ್ತದೆ. ಸೋಮವಾರ ಬಸ್ಸು ಹತ್ತುವ ಹೊತ್ತಿಗೆ ಅದು ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಇದರ ಜೊತೆಗೆ ಸೈತಾನನ ಬಗ್ಗೆ ಯಾರೋ ಹೇಳಿದ್ದನ್ನು ಕೇಳಿ ಕೇಳಿ ರಾತ್ರಿ ಹೆದರಿಕೆ, ನಿದ್ದೆ ಇಲ್ಲ. "ಎಚ್ಚರ ಅಂದ್ರೆ ಇದೇನಾ?" ಅಂತ ಕೊನೆಗೆ ಕೇಳಿದ್ದೀರಿ.

ಖಂಡಿತ ಇದಲ್ಲ.

ನಾನು ದೇವಶಾಸ್ತ್ರ ಓದಿದವಳಲ್ಲ. ನರ್ಸ್. ಹತ್ತೊಂಬತ್ತು ವರ್ಷದಿಂದ ಇದೇ ಊರಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದ್ದೇನೆ. ತಿಂಗಳಿಗೆ ಏಳೆಂಟು ದಿನ ನೈಟ್ ಡ್ಯೂಟಿ ಇದ್ದೇ ಇರುತ್ತದೆ. ರಾತ್ರಿ ಎಚ್ಚರವಾಗಿರೋದೇ ನನ್ನ ಹೊಟ್ಟೆಪಾಡು. ಅದಕ್ಕೇ ಉತ್ತರ ಬರೆಯಲು ಕೂತಿದ್ದೇನೆ.

ಮೊದಲು ಒಂದು ರಾತ್ರಿಯ ವಿಷಯ ಹೇಳಿಬಿಡುತ್ತೇನೆ. ಆಗ ನಾನು ಕೆಲಸಕ್ಕೆ ಸೇರಿ ನಾಲ್ಕು ವರ್ಷ ಆಗಿತ್ತು. ಗಂಡಸರ ಸರ್ಜರಿ ವಾರ್ಡ್. ಇಪ್ಪತ್ತೆರಡು ಬೆಡ್, ಇಬ್ಬರು ಸಿಸ್ಟರ್‌ಗಳು, ಒಬ್ಬರು ಆಯಾ. ನಾಲ್ಕು ಗಂಟೆಗೊಂದು ಸಲ ಪ್ರತಿಯೊಬ್ಬರ ಹತ್ತಿರ ಹೋಗಿ ಚಾರ್ಟ್ ತುಂಬಬೇಕು. ಜ್ವರ, ನಾಡಿ, ಬಿಪಿ, ಆಕ್ಸಿಜನ್, ಉಸಿರು. ಮೊದಲ ನಾಲ್ಕನ್ನು ಯಂತ್ರ ಹೇಳುತ್ತದೆ. ಉಸಿರನ್ನು ಮಾತ್ರ ಆ ವಾರ್ಡಿನಲ್ಲಿ ನಾವೇ ಎಣಿಸಬೇಕು. ಪೂರ್ತಿ ಒಂದು ನಿಮಿಷ ನಿಂತು, ಎದೆ ಎಷ್ಟು ಸಲ ಏರಿ ಇಳಿಯಿತು ಅಂತ ನೋಡಬೇಕು. ರೋಗಿಗೆ ಹೇಳಿ ಎಣಿಸುವ ಹಾಗೂ ಇಲ್ಲ. ಹೇಳಿದರೆ ಉಸಿರಾಟವೇ ಬದಲಾಗಿಬಿಡುತ್ತದೆ. ಅದಕ್ಕೆ ನಾಡಿ ನೋಡುವವರ ಹಾಗೆ ಕೈ ಹಿಡಿದುಕೊಂಡು, ಕಣ್ಣು ಮಾತ್ರ ಎದೆಯ ಮೇಲೆ ಇಟ್ಟು ಎಣಿಸುತ್ತೇವೆ. ದೊಡ್ಡವರಿಗೆ ಸುಮ್ಮನೆ ಮಲಗಿದ್ದಾಗ ನಿಮಿಷಕ್ಕೆ 12ರಿಂದ 20 ಇದ್ದರೆ ಸರಿ.

ಇಪ್ಪತ್ತೆರಡು ಜನಕ್ಕೆ ಇಪ್ಪತ್ತೆರಡು ನಿಮಿಷ. ಅಷ್ಟು ಹೊತ್ತು ಯಾರಿಗಿದೆ ಅನ್ನುವುದು ಆಗ ನನ್ನ ಲೆಕ್ಕ. ಎಲ್ಲರ ಚಾರ್ಟಿನಲ್ಲೂ ಉಸಿರಿನ ಸಾಲಿನಲ್ಲಿ 20 ಅಂತ ಬರೆದುಬಿಡುತ್ತಿದ್ದೆ. ಆ ರಾತ್ರಿ ಎರಡು ಗಂಟೆಗೂ ಹಾಗೇ ಬರೆದೆ. ಮೂಲೆಯ ಬೆಡ್‌ನಲ್ಲಿ ಹೊಟ್ಟೆಯ ಆಪರೇಷನ್ ಆದ ಒಬ್ಬ ವಯಸ್ಸಾದವರು ಇದ್ದರು. ಕಣ್ಣು ಮುಚ್ಚಿ ಮಲಗಿದ್ದರು. ಆಕ್ಸಿಜನ್ 96 ತೋರಿಸುತ್ತಿತ್ತು, ಬಿಪಿ ಚೆನ್ನಾಗಿತ್ತು. 20 ಬರೆದು ಮುಂದೆ ಹೋದೆ.

ಎರಡೂವರೆಗೆ ಇನ್‌ಚಾರ್ಜ್ ಸಿಸ್ಟರ್ ರೌಂಡ್ಸ್‌ಗೆ ಬಂದರು. ಆ ಬೆಡ್ ಹತ್ತಿರ ಬಂದವರು ಮುಂದೆ ಹೋಗಲಿಲ್ಲ. ಅವರ ಮಣಿಕಟ್ಟು ಹಿಡಿದು ನಿಂತರು. ಒಂದು ನಿಮಿಷ ಆದಮೇಲೆ ಚಾರ್ಟ್ ತೆಗೆದು ನೋಡಿ ನನ್ನನ್ನು ಕರೆದರು. ಉಸಿರು 32 ಇತ್ತು. ಡಾಕ್ಟರಿಗೆ ಫೋನ್ ಹೋಯಿತು, ಅರ್ಧ ಗಂಟೆಯಲ್ಲಿ ಅವರನ್ನು ಐಸಿಯುಗೆ ಸಾಗಿಸಿದೆವು. ದೇಹದಲ್ಲಿ ಸೋಂಕು ಏರುತ್ತಿತ್ತು. ದೇವರ ದಯೆ, ಅವರು ಉಳಿದರು. ದೇಹ ಕೆಡುತ್ತಿರುವಾಗ ಎಷ್ಟೋ ಸಲ ಮೊದಲು ಬದಲಾಗುವುದು ಈ ಉಸಿರೇ. ಯಂತ್ರದ ಅಂಕಿಗಳು ಇನ್ನೂ ಸರಿ ಇರುತ್ತವೆ, ಉಸಿರು ಆಗಲೇ ಸುಳಿವು ಕೊಡುತ್ತಿರುತ್ತದೆ.

ಸಿಸ್ಟರ್ ಕೂಗಾಡಲಿಲ್ಲ. ಔಷಧಿ ರೂಮಿಗೆ ಕರೆದು ಒಂದೇ ಮಾತು ಕೇಳಿದರು. "ಇದು ನೀನು ಎಣಿಸಿದ್ದಾ, ಬರೆದಿದ್ದಾ?"

"ಬರೆದಿದ್ದು ಸಿಸ್ಟರ್" ಅಂದೆ. ಅಷ್ಟು ಹೇಳುವಾಗ ಗಂಟಲು ಕಟ್ಟಿತ್ತು.

ಬೆಳಿಗ್ಗೆ ಎಂಟಕ್ಕೆ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತಾಗ ಆ ಮಾತು ಇನ್ನೊಂದು ಕಡೆಗೆ ತಿರುಗಿತು. ಅಪ್ಪ ತೀರಿಕೊಂಡು ಆಗ ಮೂರು ತಿಂಗಳಾಗಿತ್ತು. ನಾನು ಒಂದು ಭಾನುವಾರವೂ ಆರಾಧನೆ ತಪ್ಪಿಸಿರಲಿಲ್ಲ. ಕ್ವಾಯರ್‌ನಲ್ಲಿ ಹಾಡುತ್ತಿದ್ದೆ. ಕಾಣಿಕೆ ಕೊಡುತ್ತಿದ್ದೆ. ಮಲಗುವ ಮುಂಚೆ ಸತ್ಯವೇದ ತೆರೆದು ಒಂದು ಅಧ್ಯಾಯ ಓದುತ್ತಿದ್ದೆ. ಯಾರಾದರೂ ಹೇಗಿದ್ದೀಯ ಅಂದರೆ "ಕರ್ತನ ಕೃಪೆಯಿಂದ ಚೆನ್ನಾಗಿದ್ದೇನೆ" ಅನ್ನುತ್ತಿದ್ದೆ. ಎಲ್ಲಾ ಸಾಲಿನಲ್ಲೂ 20 ಅಂತ ಬರೆದ ಹಾಗೆ. ಒಳಗೆ ಒಂದು ಸಲವೂ ನಿಂತು ಎಣಿಸಿರಲಿಲ್ಲ. ದೇವರ ಮೇಲೆ ನನಗೆ ಎಷ್ಟು ಕೋಪ ಇತ್ತು ಅನ್ನುವುದು ನನಗೇ ಗೊತ್ತಿರಲಿಲ್ಲ.

ಆತ್ಮಿಕ ಎಚ್ಚರ ಅಂದರೆ ಏನು ಅಂತ ಕೇಳಿದರೆ ಈಗಲೂ ನನ್ನ ಉತ್ತರ ಅದೇ: ಬರೆಯುವುದನ್ನು ಬಿಟ್ಟು ಎಣಿಸುವುದು. ಒಂದು ನಿಮಿಷ ಕೈ ಹಿಡಿದು ನಿಲ್ಲುವುದು.

ಇದನ್ನು ಇಟ್ಟುಕೊಂಡು ಸುವಾರ್ತೆಯನ್ನು ಓದಿ ನೋಡಿ. ಮಾರ್ಕನ ಸುವಾರ್ತೆ 13ನೇ ಅಧ್ಯಾಯದ ಕೊನೆಯಲ್ಲಿ ಯೇಸು ಸ್ವಾಮಿ ಶಿಷ್ಯರಿಗೆ ಹೇಳುತ್ತಾರೆ: ಮನೆಯ ಯಜಮಾನ ಸಂಜೆಗೆ ಬರುತ್ತಾನೋ, ಮಧ್ಯರಾತ್ರಿಗೋ, ಕೋಳಿ ಕೂಗುವಾಗಲೋ, ಬೆಳಗಾಗುವಾಗಲೋ ನಿಮಗೆ ಗೊತ್ತಿಲ್ಲ, ಎಚ್ಚರವಾಗಿರಿ. ಈ ನಾಲ್ಕು ಸುಮ್ನೆ ಹೇಳಿದ ಹೊತ್ತುಗಳಲ್ಲ. ರೋಮನ್ನರು ರಾತ್ರಿಯನ್ನು ನಾಲ್ಕು ಕಾವಲಾಗಿ ಭಾಗ ಮಾಡುತ್ತಿದ್ದರು. ಹನ್ನೆರಡು ಗಂಟೆಯ ರಾತ್ರಿ, ಮೂರು ಗಂಟೆಗೊಂದು ಪಾಳಿ. ನೈಟ್ ಡ್ಯೂಟಿ ಮಾಡುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ.

ಈಗ ಮುಂದಿನ ಅಧ್ಯಾಯಕ್ಕೆ ಹೋಗಿ. ಸಂಜೆ ಊಟಕ್ಕೆ ಕೂರುತ್ತಾರೆ, ಒಬ್ಬನು ಯೇಸು ಸ್ವಾಮಿಯನ್ನು ಹಿಡಿದುಕೊಡುವ ಯೋಚನೆಯಲ್ಲೇ ಆ ಪಂಕ್ತಿಯಲ್ಲಿ ಕೂತಿದ್ದಾನೆ. ರಾತ್ರಿ ಗೆತ್ಸೇಮನೆ ತೋಟ, ಪೇತ್ರನೂ ಸೇರಿ ಮೂವರು ಶಿಷ್ಯರು ನಿದ್ದೆ ಹೋಗುತ್ತಾರೆ. ಕೋಳಿ ಕೂಗುವ ಹೊತ್ತಿಗೆ ಪೇತ್ರ ಆತನನ್ನು ಅರಿಯೆನು ಅಂದುಬಿಟ್ಟಿದ್ದಾನೆ. ಬೆಳಗಾಗುತ್ತಲೇ ಕರ್ತನನ್ನು ಕಟ್ಟಿ ರೋಮನ್ ಅಧಿಪತಿ ಪಿಲಾತನಿಗೆ ಒಪ್ಪಿಸುತ್ತಾರೆ. ನಾಲ್ಕು ಕಾವಲು, ನಾಲ್ಕರಲ್ಲೂ ಕರ್ತನು ಅವರ ಕಣ್ಣೆದುರೇ ಇದ್ದ. ಶಿಷ್ಯರು ಎಲ್ಲೋ ದೂರದ ಒಂದು ದೊಡ್ಡ ದಿನಕ್ಕೆ ಕಾಯುತ್ತಿದ್ದರೋ ಏನೋ. ಎಚ್ಚರ ಬೇಕಾಗಿದ್ದದ್ದು ಆ ಊಟದ ಹೊತ್ತಿನಲ್ಲಿ, ಪೇತ್ರ ಬೆಂಕಿ ಕಾಯಿಸುತ್ತಾ ಕೂತ ಆ ಅಂಗಳದಲ್ಲಿ, ಒಬ್ಬ ಕೆಲಸದ ಹುಡುಗಿ ಆಡಿದ ಒಂದು ಮಾತಿನ ಮುಂದೆ. ನಿಮ್ಮ ಸೋಮವಾರವೂ ಅಂಥದ್ದೇ ಅಲ್ವಾ?

ಇನ್ನೊಂದು ವಿಷಯ. ಶಿಷ್ಯರು ಯಾಕೆ ನಿದ್ದೆ ಹೋದರು ಅಂತ ಲೂಕ ಒಬ್ಬನೇ ಕಾರಣ ಬರೆಯುತ್ತಾನೆ. 22ನೇ ಅಧ್ಯಾಯ 45ನೇ ವಚನ. ದುಃಖದಿಂದ ನಿದ್ದೆ ಹೋಗಿದ್ದರು ಅಂತ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿ ಪೌಲ ಲೂಕನನ್ನು ವೈದ್ಯ ಅಂತ ಕರೆದಿದ್ದಾನೆ. ಅದಕ್ಕೋ ಏನೋ, ಆ ಒಂದು ಪದ ವೈದ್ಯನ ಕಣ್ಣಿಗೆ ಕಂಡದ್ದು ಅಂತ ನನಗೆ ಅನಿಸುತ್ತದೆ. ಅಪ್ಪ ಹೋದಮೇಲೆ ನನಗೆ ಆಗಿದ್ದೂ ಅದೇ. ಉದಾಸೀನ ಅಂತ ಹೊರಗಿನವರಿಗೆ ಕಂಡಿರಬಹುದು, ಒಳಗಿದ್ದದ್ದು ದುಃಖ. ನಿಮ್ಮ ಪ್ರಶ್ನೆಯ ನಡುವೆ "ಊರು ಬಿಟ್ಟು ಬಂದಮೇಲೆ ಹೀಗಾಗಿದೆ" ಅಂತ ಒಂದು ಸಾಲು ಬರೆದಿದ್ದೀರಿ. ಆ ಸಾಲಿನ ಹತ್ತಿರ ಸ್ವಲ್ಪ ಕೂತುಕೊಳ್ಳಿ. ಒಂಟಿತನವನ್ನು ಪಾಪ ಅಂತ ತಿಳಿದುಕೊಂಡು ನಿಮ್ಮನ್ನು ನೀವೇ ಬೈದುಕೊಳ್ಳುತ್ತಿರಬಹುದು. ಅಂಥ ಹೊತ್ತಲ್ಲಿ ಬೈಗುಳದಿಂದ ಯಾರೂ ಎಚ್ಚರ ಆಗುವುದಿಲ್ಲ. ಯೇಸು ಸ್ವಾಮಿಯೂ ಅವರನ್ನು ಎಬ್ಬಿಸುವಾಗ, ಮನಸ್ಸು ಸಿದ್ಧವಾಗಿದೆ, ದೇಹಕ್ಕೆ ಬಲ ಸಾಲದು ಅಂತ ಅವರ ಪರವಾಗಿಯೇ ಒಂದು ಮಾತು ಹೇಳಿದರು.

ಹೆದರಿಕೆಯ ವಿಷಯಕ್ಕೆ ಬರುತ್ತೇನೆ. ಗರ್ಜಿಸುವ ಸಿಂಹದ ಹಾಗೆ ಸೈತಾನ ತಿರುಗುತ್ತಾನೆ, ಎಚ್ಚರವಾಗಿರಿ ಅನ್ನುವ ಮಾತು 1 ಪೇತ್ರ 5:8. ನಿಮಗೆ ಹೇಳಿದವರು ಇದನ್ನೇ ಹೇಳಿರಬೇಕು. ಅದಕ್ಕೆ ಮುಂಚಿನ ವಚನವನ್ನೂ ಓದಿ. ನಿಮ್ಮ ಚಿಂತೆಯನ್ನೆಲ್ಲಾ ಆತನ ಮೇಲೆ ಹಾಕಿ, ಆತನು ನಿಮ್ಮನ್ನು ನೋಡಿಕೊಳ್ಳುತ್ತಾನೆ ಅಂತ ಇದೆ. ಮೊದಲು ಭಾರ ಇಳಿಸಿ, ಆಮೇಲೆ ಕಾವಲು. ಬರೆದವನು ಯಾರು ನೋಡಿ, ತೋಟದಲ್ಲಿ ನಿದ್ದೆ ಹೋದ ಅದೇ ಪೇತ್ರ. ಏಳನೇ ವಚನ ಬಿಟ್ಟು ಎಂಟನೆಯದನ್ನು ಮಾತ್ರ ಹೇಳಿ ಎಳೆಯ ವಿಶ್ವಾಸಿಗಳ ನಿದ್ದೆ ಕೆಡಿಸುವುದು ನನಗೆ ತುಂಬಾ ಬೇಜಾರಿನ ವಿಷಯ. ಸಿಂಹ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಹೆದರಿದ ನರ್ಸ್ ಒಳ್ಳೆಯ ಕಾವಲು ಕಾಯಲಾರಳು. ಹೊಸದಾಗಿ ಬಂದ ಹುಡುಗಿಯರು ಮಾನಿಟರ್ ಒಂದು ಸಲ ಕೂಗಿದರೂ ಓಡುತ್ತಾರೆ. ಪಕ್ಕದ ಬೆಡ್‌ನಲ್ಲಿ ಸದ್ದಿಲ್ಲದೆ ಕೆಡುತ್ತಿರುವವರು ಅವರ ಕಣ್ಣಿಗೆ ಬೀಳುವುದಿಲ್ಲ.

ಆಮೇಲೆ, ಮಲಗಿ. ನಿಜವಾಗಿ ಹೇಳುತ್ತಿದ್ದೇನೆ. ಇಸ್ರಾಯೇಲ್ಯರನ್ನು ಕಾಯುವಾತನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಅಂತ 121ನೇ ಕೀರ್ತನೆ ಹೇಳುತ್ತದೆ. ಆತನು ಎಚ್ಚರ ಇದ್ದಾನೆ ಅಂತಾದಮೇಲೆ ರಾತ್ರಿ ಹನ್ನೊಂದಕ್ಕೆ ಫೋನ್ ಆಚೆ ಇಟ್ಟು ಮಲಗುವುದು ಅಪನಂಬಿಕೆ ಹೇಗಾಗುತ್ತದೆ? ನಿದ್ದೆಗೆಟ್ಟ ದಿನ ನನಗೆ ಬರುವ ಸಿಟ್ಟು, ಬಾಯಿಂದ ಜಾರುವ ಮಾತು ನೋಡಿದರೆ, ಶೋಧನೆಗಳಲ್ಲಿ, ಅಂದರೆ ತಪ್ಪಿನ ಕಡೆಗೆ ಎಳೆಯುವ ಪ್ರಲೋಭನೆಗಳಲ್ಲಿ, ಅರ್ಧ ಬರೀ ನಿದ್ದೆ ಇಲ್ಲದ್ದರಿಂದ ಬರುತ್ತವೆ ಅನಿಸುತ್ತದೆ.

ಇನ್ನು ದಿನನಿತ್ಯ ಏನು ಮಾಡುವುದು ಅಂತ ಕೇಳಿದ್ದೀರಿ.

ಮೊದಲು ನಿಮ್ಮ ಉಸಿರು ಯಾವುದು ಅಂತ ಕಂಡುಕೊಳ್ಳಿ. ಒಳಗೆ ಏನೋ ಕೆಡುತ್ತಿದೆ ಅನ್ನುವಾಗ ಎಲ್ಲಕ್ಕಿಂತ ಮುಂಚೆ ಬದಲಾಗುವುದು ಯಾವುದು? ಪ್ರಾರ್ಥನೆ ನಿಲ್ಲುವುದು, ಸಭೆ ತಪ್ಪುವುದು, ದೊಡ್ಡ ಪಾಪಕ್ಕೆ ಬೀಳುವುದು, ಇವೆಲ್ಲಾ ತುಂಬಾ ತಡವಾಗಿ ಕಾಣುವ ಲಕ್ಷಣಗಳು. ನನಗೆ ಮೊದಲು ಬದಲಾಗುವುದು ಆಯಾ ಜೊತೆ ಮಾತಾಡುವ ದನಿ. ಡಾಕ್ಟರ್ ಜೊತೆ, ರೋಗಿಯ ಮನೆಯವರ ಜೊತೆ ದನಿ ಚೆನ್ನಾಗೇ ಇರುತ್ತದೆ. "ಅಕ್ಕಾ, ಆ ಬೆಡ್‌ಪ್ಯಾನ್ ಸ್ವಲ್ಪ ಕೊಡ್ತೀರಾ" ಅನ್ನುತ್ತಿದ್ದವಳು "ಬೆಡ್‌ಪ್ಯಾನ್ ಎಲ್ಲಿ?" ಅನ್ನುತ್ತೇನೆ. ಅಷ್ಟೇ ವ್ಯತ್ಯಾಸ. ಅದು ಕೇಳಿಸಿದ ಕೂಡಲೇ ನನಗೆ ಗೊತ್ತಾಗುತ್ತದೆ, ಉಸಿರು 20 ದಾಟಿದೆ. ಅವರ ಹತ್ತಿರ ಹೋಗಿ ಸಾರಿ ಅಕ್ಕಾ ಅನ್ನುತ್ತೇನೆ. ಆಮೇಲೆ ಸಿಂಕ್ ಮುಂದೆ ಕೈ ತೊಳೆಯುತ್ತಾ ಕರ್ತನ ಹತ್ತಿರ ಕೇಳುತ್ತೇನೆ, ಏನಾಗಿದೆ ನನಗೆ ಅಂತ. ಸೋಪು ಹಚ್ಚಿ ಸರಿಯಾಗಿ ಕೈ ತೊಳೆಯಲು ಅರ್ಧ ನಿಮಿಷಕ್ಕಿಂತ ಜಾಸ್ತಿ ಬೇಕು. ಒಂದು ಪ್ರಾರ್ಥನೆಗೆ ಅಷ್ಟು ಸಾಕು.

ನಿಮ್ಮದು ಬೇರೆ ಇರಬಹುದು. ನನ್ನ ತಮ್ಮನಿಗೆ ಅದು ಸಿಗ್ನಲ್‌ನಲ್ಲಿ ಹಾರ್ನ್ ಹೊಡೆಯುವ ಕೈ. ಸಿಲ್ಕ್ ಬೋರ್ಡ್ ಕಡೆಯಿಂದ ದಿನಾ ಬೈಕಿನಲ್ಲಿ ಓಡಾಡುತ್ತಾನೆ. ಸುಮ್ಮನೆ ನಿಂತಿರುವ ಗಾಡಿಗಳ ಮೇಲೆ ಹಾರ್ನ್ ಒತ್ತಲು ಶುರು ಮಾಡಿದರೆ, ಆಫೀಸಿನ ಯಾವುದೋ ಭಯವನ್ನು ದೇವರ ಕೈಗೆ ಕೊಡದೆ ತಾನೇ ಹೊತ್ತುಕೊಂಡು ತಿರುಗುತ್ತಿದ್ದೇನೆ ಅಂತ ಅವನಿಗೆ ಗೊತ್ತಾಗುತ್ತದೆ. ಗೆಳತಿಯೊಬ್ಬಳಿಗೆ ಬೇರೆಯವರ ವಾಟ್ಸಾಪ್ ಸ್ಟೇಟಸ್ ನೋಡುವಾಗ ಮುಖ ಬಿಗಿಯಾಗುವುದು. ನಿಮ್ಮದು ಅಮ್ಮನ ಫೋನ್ ಬಂದಾಗ ಎತ್ತದೆ ಬಿಡುವುದೇ ಇರಬಹುದು. ಚಿಕ್ಕದಿರುತ್ತದೆ, ಬೇರೆ ಯಾರಿಗೂ ಕಾಣುವುದಿಲ್ಲ. ಒಂದು ವಾರ ನೋಡಿದರೆ ನಿಮಗೆ ಸಿಕ್ಕೇ ಸಿಗುತ್ತದೆ.

ಎರಡನೆಯದು ಹ್ಯಾಂಡೋವರ್. ಡ್ಯೂಟಿ ಮುಗಿದಾಗ ನಾವು ಹಾಗೇ ಬ್ಯಾಗ್ ತಗೊಂಡು ಹೊರಡುವ ಹಾಗಿಲ್ಲ. ಮುಂದಿನ ಪಾಳಿಯ ಸಿಸ್ಟರ್ ಜೊತೆ ಒಂದೊಂದು ಬೆಡ್ ಮುಂದೆ ನಿಂತು, ಏನಾಯಿತು, ಏನು ಕೊಟ್ಟೆ, ಏನು ಬಾಕಿ ಅಂತ ಹೇಳಿ ಒಪ್ಪಿಸಬೇಕು. ಬಚ್ಚಿಡುವ ಹಾಗಿಲ್ಲ, ಬಚ್ಚಿಟ್ಟರೆ ರೋಗಿಗೆ ತೊಂದರೆ. ಮಲಗುವ ಮುಂಚೆ ದಿನವನ್ನು ದೇವರಿಗೆ ಹೀಗೇ ಒಪ್ಪಿಸುವುದನ್ನು ನನಗೆ ಕಲಿಸಿದ್ದು ಮಂಗಳೂರಿನ ಒಬ್ಬ ಕ್ಯಾಥೊಲಿಕ್ ಸಿಸ್ಟರ್, ನನ್ನ ಜೊತೆ ಐದು ವರ್ಷ ಕೆಲಸ ಮಾಡಿದವರು. 16ನೇ ಶತಮಾನದಲ್ಲಿ ಸ್ಪೇನ್ ದೇಶದ ಲೊಯೋಲದ ಇಗ್ನೇಷಿಯಸ್ ಕಲಿಸಿದ ಕ್ರಮ ಅಂತೆ. ಮೊದಲು ದಿನಕ್ಕಾಗಿ ಸ್ತೋತ್ರ. ಆಮೇಲೆ, ಸರಿಯಾಗಿ ನೋಡಲು ಬೆಳಕು ಕೊಡು ಅಂತ ಬೇಡಿಕೆ. ಬೆಳಗಿನಿಂದ ರಾತ್ರಿವರೆಗೆ ಒಂದೊಂದು ಗಂಟೆಯನ್ನೂ ನೆನೆಯುವುದು. ತಪ್ಪಿದ್ದಕ್ಕೆ ಕ್ಷಮೆ. ನಾಳೆಗೆ ಸಹಾಯ. ನಾನು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯವಳು, ನಮ್ಮಲ್ಲಿ ಇದು ಬಳಕೆಯಲ್ಲಿ ಇರಲಿಲ್ಲ. ಆದರೂ ಇದಕ್ಕಿಂತ ಒಳ್ಳೆಯ ಕ್ರಮ ನನಗೆ ಇನ್ನೂ ಸಿಕ್ಕಿಲ್ಲ. ಸ್ತೋತ್ರ ಮೊದಲು ಬರುವುದು ತುಂಬಾ ಮುಖ್ಯ. ಪ್ರಾರ್ಥನೆಯಲ್ಲಿ ಎಚ್ಚರವಾಗಿರುವುದರ ಜೊತೆಗೇ ಕೃತಜ್ಞತೆಯನ್ನು ಸೇರಿಸಿ ಪೌಲನೂ ಕೊಲೊಸ್ಸೆ 4:2ರಲ್ಲಿ ಹೇಳಿದ್ದಾನೆ. ತಪ್ಪಿನಿಂದ ಶುರು ಮಾಡಿದರೆ ಹತ್ತು ದಿನಕ್ಕೆ ಬಿಟ್ಟುಬಿಡುತ್ತೀರಿ. ನಾನು ಬಿಟ್ಟಿದ್ದೆ.

ಶುರುವಿನಲ್ಲಿ ಐದು ನಿಮಿಷ ಸಾಕು. ಪಿಜಿಯಲ್ಲಿ ರೂಮ್‌ಮೇಟ್ ಇದ್ದರೆ ಮಂಡಿಯೂರಿ ಕೂರುವುದು ಮುಜುಗರ ಅನಿಸಬಹುದು. ಟೆರೇಸಿಗೆ ಹೋಗಿ, ಬಟ್ಟೆ ಒಣಗಿಹಾಕುವ ಜಾಗದಲ್ಲಿ ನಿಂತುಕೊಂಡೇ ಮಾಡಿ.

ಮೂರನೆಯದನ್ನು ಬಿಡಬೇಡಿ. ಒಬ್ಬರೇ ಕಾವಲು ಕಾಯಲು ಹೋಗಬೇಡಿ. ಆ ರಾತ್ರಿ ನನ್ನನ್ನು ಉಳಿಸಿದ್ದು ಇನ್ನೊಬ್ಬರ ಕಣ್ಣು. ಯೇಸು ಸ್ವಾಮಿಯೇ ಗೆತ್ಸೇಮನೆಗೆ ಹೋಗುವಾಗ ಮೂವರನ್ನು ಹತ್ತಿರ ಇಟ್ಟುಕೊಂಡು, ನನ್ನ ಜೊತೆ ಎಚ್ಚರವಾಗಿರಿ ಅಂತ ಕೇಳಿಕೊಂಡರು. ಹಳೆ ಒಡಂಬಡಿಕೆಯ ನೆಹೆಮೀಯನು ಯೆರೂಸಲೇಮಿನ ಗೋಡೆ ಕಟ್ಟಿಸುವಾಗ ದೇವರಿಗೆ ಪ್ರಾರ್ಥನೆಯನ್ನೂ ಮಾಡಿದ, ಹಗಲು ರಾತ್ರಿ ಕಾವಲನ್ನೂ ಇಟ್ಟ. ಎರಡೂ ಒಂದೇ ವಚನದಲ್ಲಿ ಇದೆ, ನೆಹೆಮೀಯ 4:9. ನಿಮಗೂ ಒಬ್ಬರು ಬೇಕು. ಪ್ರಸಂಗ ಮಾಡುವವರೇ ಆಗಬೇಕಿಲ್ಲ. "ಇದು ಎಣಿಸಿದ್ದಾ, ಬರೆದಿದ್ದಾ" ಅಂತ ಪ್ರೀತಿಯಿಂದ ಕೇಳುವವರಾದರೆ ಸಾಕು. ನಿಮ್ಮ ಸಭೆಯಲ್ಲಿ ಯುವಕರ ಕೂಟ ಇದ್ದರೆ ಅಲ್ಲಿ ಹುಡುಕಿ. ಇಲ್ಲದಿದ್ದರೆ ಸಭೆಯ ಪಾಸ್ಟರ್ ಅಯ್ಯನವರ ಹತ್ತಿರವೇ ಹೋಗಿ, ನಿದ್ದೆ ಬರುತ್ತಿಲ್ಲ ಅನ್ನುವುದನ್ನೂ ಬಿಚ್ಚಿ ಹೇಳಿ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ ಡಾಕ್ಟರನ್ನೂ ನೋಡಿ. ನರ್ಸ್ ಆಗಿ ಇದನ್ನು ಹೇಳದೆ ಇರಲಾರೆ. ಅದು ವಿಶ್ವಾಸದ ಕೊರತೆ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಬಸ್ಸಿನಲ್ಲಿ ಹೋಗುವಾಗ ಕಾರ್ಪೊರೇಷನ್ ಹತ್ತಿರ ಹಡ್ಸನ್ ಸರ್ಕಲ್ ದಾಟುತ್ತೀರಲ್ಲ, ಆ ಮೂಲೆಯ ಹಡ್ಸನ್ ಸ್ಮಾರಕ ದೇವಾಲಯವನ್ನು ಒಂದು ಸಲ ನೋಡಿ. 1904ರಲ್ಲಿ ಕಟ್ಟಿದ್ದು. ಹಡ್ಸನ್ ಅವರು ವೆಸ್ಲಿಯನ್ ಮಿಷನರಿ, ಅಂದರೆ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯಿಂದ ಶುರುವಾದ ಪಂಗಡದವರು. ನಮ್ಮ ಊರಿನ ಸಭೆಗಳಲ್ಲಿ ಡಿಸೆಂಬರ್ 31ರ ರಾತ್ರಿ ವಾಚ್‌ನೈಟ್ ಆರಾಧನೆ ಮಾಡುತ್ತೇವಲ್ಲ, ಅದು ಆ ವೆಸ್ಲಿಯನ್ ಪಂಗಡದಲ್ಲಿ ಬೆಳೆದು ಬಂದ ರೂಢಿ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರ ಕಿಂಗ್ಸ್‌ವುಡ್ ಅನ್ನುವ ಕಡೆ ಕಲ್ಲಿದ್ದಲು ಗಣಿಯ ಕೆಲಸಗಾರರು ಇದ್ದರು. ಮುಂಚೆ ಹೆಂಡದಂಗಡಿಯಲ್ಲಿ ಕಳೆಯುತ್ತಿದ್ದ ರಾತ್ರಿಯನ್ನು, ಯೇಸುವನ್ನು ನಂಬಿದಮೇಲೆ ಒಟ್ಟಿಗೆ ಸೇರಿ ಪ್ರಾರ್ಥನೆಯಲ್ಲಿ ಕಳೆಯಲು ಶುರು ಮಾಡಿದರು. ಜಾನ್ ವೆಸ್ಲಿಗೆ ಅದು ಹಿಡಿಸಿತು, ಬೇರೆ ಕಡೆಗೂ ತಂದ. ದಿನವಿಡೀ ಗಣಿಯಲ್ಲಿ ದುಡಿದು ದಣಿದ ಜನ ಅವರು. ಪಕ್ಕದಲ್ಲಿ ಇನ್ನೊಬ್ಬರು ಹಾಡುತ್ತಿದ್ದರು, ಅದಕ್ಕೆ ಎಚ್ಚರ ಇರಲು ಆಯಿತು ಅಂತ ನಾನು ಅಂದುಕೊಳ್ಳುತ್ತೇನೆ.

ಕೊನೆಗೆ ಯಾರಿಗಾಗಿ ಕಾಯುತ್ತಿದ್ದೀರಿ ಅನ್ನುವ ಮಾತು. ಲೂಕ 12:37 ಓದದೆ ಈ ವಿಷಯ ಬಿಡಬೇಡಿ. ರಾತ್ರಿ ಬಾಗಿಲು ತೆರೆಯಲು ಕಾದಿದ್ದ ಆಳುಗಳನ್ನು ಕಂಡು ಯಜಮಾನ ಏನು ಮಾಡುತ್ತಾನೆ ಗೊತ್ತಾ? ತಾನೇ ನಡುಕಟ್ಟಿಕೊಂಡು, ಅವರನ್ನು ಊಟಕ್ಕೆ ಕೂರಿಸಿ, ಹತ್ತಿರ ಬಂದು ಬಡಿಸುತ್ತಾನೆ. ದೂರದ ಊರಿಂದ ರಾತ್ರಿ ಬಸ್ಸಿನಲ್ಲಿ ಅಪ್ಪ ಬರುತ್ತಾರೆ ಅಂತ ನಾವು ಚಿಕ್ಕವರಿದ್ದಾಗ ಎದ್ದು ಕೂತಿರುತ್ತಿದ್ದೆವು. ಬಂದವರು ಚೀಲ ಇಳಿಸಿ, ಅದರಿಂದ ಬೆಣ್ಣೆ ಬಿಸ್ಕೆಟ್ ಪೊಟ್ಟಣ ತೆಗೆದು, ಕೈಕಾಲು ತೊಳೆಯುವ ಮುಂಚೆ ನಮ್ಮ ಕೈಗೆ ಕೊಡುತ್ತಿದ್ದರು. ಆಗ ನಮ್ಮನ್ನು ಎಚ್ಚರ ಇಟ್ಟಿದ್ದು ಕಳ್ಳನ ಭಯ ಆಗಿರಲಿಲ್ಲ.

ಇವತ್ತು ನನಗೆ ನೈಟ್ ಡ್ಯೂಟಿ. ಎರಡು ಗಂಟೆಯ ರೌಂಡ್ಸ್ ಮುಗಿದಮೇಲೆ ವಾರ್ಡ್ ಸ್ವಲ್ಪ ಶಾಂತವಾಗಿರುತ್ತದೆ. ಆಗ ನಿಮಗಾಗಿ ಪ್ರಾರ್ಥನೆ ಮಾಡುತ್ತೇನೆ. ನಿಮ್ಮ ಹೆಸರು ನನಗೆ ಗೊತ್ತಿಲ್ಲ, ಪರವಾಗಿಲ್ಲ, ಆತನಿಗೆ ಗೊತ್ತು. ಆ ಹೊತ್ತಿಗೆ ನೀವು ಮಲಗಿರಿ.